ಲೈಕಾ ಥ್ರೀ-ಎಫ್: ಹಲವು ವರ್ಷ ಬಳಸಿದ ಮೇಲೆ, ಫಿಲ್ಮ್ ಹಾಕುವುದರ ಬಗ್ಗೆ

1950ರಲ್ಲಿ ಬಂದ ಈ ಕ್ಯಾಮೆರಾಕ್ಕೆ ಹಿಂಬದಿ ಬಾಗಿಲಿಲ್ಲ. ತಳದ ತಟ್ಟೆ ತೆಗೆದು, ಫಿಲ್ಮನ್ನು ಹಿಂದಿನಿಂದ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿಗೂ ಚಿತ್ರ ಬೀಳುವ ಚೌಕಟ್ಟಾದ ಗೇಟಿಗೂ ನಡುವಿನ ಸಣ್ಣ ಸಂದಿಯೊಳಗೆ ಫಿಲ್ಮನ್ನು ಇಳಿಸಬೇಕು. ಈಗಿನ ರೋಲುಗಳಲ್ಲಿ ಫಿಲ್ಮಿನ ತುದಿಯ ಕಿರಿದಾದ ನಾಲಿಗೆ (ಲೀಡರ್) 4 ಸೆಂ.ಮೀ. ಆಸುಪಾಸು ಮಾತ್ರ. ಅದರಾಚೆಯ 35 ಮಿ.ಮೀ. ಪೂರ್ತಿ ಅಗಲ ಗೇಟಿನ ಅಂಚಿಗೆ ತಗುಲುತ್ತದೆ. ಒತ್ತಿ ತಳ್ಳಿದರೆ ಫಿಲ್ಮಿನ ಅಂಚುದ್ದಕ್ಕೂ ಇರುವ ತೂತುಗಳು ಹರಿದು, ಚೂರುಗಳು ಶಟರಿನ ಬಟ್ಟೆಯ ಕಡೆ ಬೀಳುತ್ತವೆ. ಆಮೇಲೆ ರಿಪೇರಿಯೇ ಗತಿ.

ಹಾಗಾಗಿ ನಾಲಿಗೆಯನ್ನು 10 ಸೆಂ.ಮೀ.ಗೆ ಉದ್ದ ಮಾಡಬೇಕು, ಅಂದರೆ ತುದಿಯಿಂದ ಸುಮಾರು 21 ತೂತು. ಕಾರ್ಖಾನೆಯವರು ಕತ್ತರಿಸಿದ ಗೆರೆಯನ್ನೇ ನೇರವಾಗಿ ಮುಂದುವರಿಸಿ, ಕೊನೆಯಲ್ಲಿ ಮೆಲ್ಲಗೆ ಬಾಗಿಸಿ ಅಂಚಿಗೆ ತನ್ನಿ. ಜೀವಾಳ ಇರುವುದು ಆ ಬಾಗಿನಲ್ಲೇ: ಕತ್ತರಿ ಎರಡು ತೂತುಗಳ ನಡುವೆಯೇ ಹೊರಬರಬೇಕು. ತೂತಿನ ಮೇಲೆ ಹೋದರೆ ಅಲ್ಲೊಂದು ಪುಟ್ಟ ಕೊಕ್ಕೆ ಉಳಿಯುತ್ತದೆ, ಗೇಟಿಗೆ ಸಿಕ್ಕಿಕೊಳ್ಳುವುದು ಅದೇ. ಬೆರಳ ತುದಿಯಿಂದ ಅಂಚನ್ನು ಸವರಿ ನೋಡಿ, ಎಲ್ಲೂ ಚುಚ್ಚಬಾರದು.

ಲೈಕಾ ತಯಾರಿಸಿದ ಲೈಟ್ಜ್ ಕಂಪನಿಯವರು ಇದಕ್ಕೆಂದೇ ಮಾಡಿದ ಆಬ್ಲಾನ್ ಅಚ್ಚು ಚೆಂದ, ಆದರೆ ಅನಿವಾರ್ಯವಲ್ಲ. ಮದುವೆ ಕರೆಯೋಲೆಯ ದಪ್ಪ ರಟ್ಟಿನಲ್ಲಿ ಅದೇ ಆಕಾರ ಕತ್ತರಿಸಿಟ್ಟುಕೊಂಡರೆ ಸಾಕು. ವಿಸಿಟಿಂಗ್ ಕಾರ್ಡನ್ನು ಸಂದಿಗೆ ತೂರಿಸಿ, ಕತ್ತರಿಸದ ಫಿಲ್ಮನ್ನು ಜಾರಿಸುವ ಉಪಾಯವೂ ಇದೆ. ಅದು ಕತ್ತರಿ ಇಲ್ಲದಾಗಿನ ಆಪತ್ಕಾಲಕ್ಕೆ ಮಾತ್ರ.

ಕ್ಯಾಮೆರಾ ತಲೆಕೆಳಗೆ ಹಿಡಿದು ಫಿಲ್ಮ್ ಸುತ್ತಿಕೊಳ್ಳುವ ಟೇಕಪ್ ಸ್ಪೂಲ್ ಹೊರತೆಗೆಯಿರಿ. ನಾಲಿಗೆಯನ್ನು ಅದರ ಸ್ಪ್ರಿಂಗಿನ ಕೆಳಗೆ ಪೂರ್ತಿ ತೂರಿಸಿ, ಸ್ಪೂಲನ್ನೂ ಕ್ಯಾಸೆಟ್ಟನ್ನೂ ಒಟ್ಟಿಗೆ ಇಳಿಸಿ. ತಟ್ಟೆ ಮುಚ್ಚುವ ಮೊದಲು ಫಿಲ್ಮ್ ಮುಂದೊಯ್ಯುವ ಗುಬ್ಬಿಯನ್ನು ಸ್ವಲ್ಪ ತಿರುಗಿಸಿ, ಒಳಗಿನ ಚಕ್ರದ ಹಲ್ಲುಗಳು ತೂತುಗಳಲ್ಲಿ ಕೂತಿವೆಯೇ ನೋಡಿ. ಮುಚ್ಚಿದ ಮೇಲೆ ರಿವೈಂಡ್ ಗುಬ್ಬಿಯನ್ನು ಬಾಣದ ಕಡೆ ಮೆಲ್ಲಗೆ ತಿರುಗಿಸಿ ಸಡಿಲ ತೆಗೆಯಿರಿ. ಫಿಲ್ಮ್ ಮುಂದೆ ಹೋಗುವಾಗ ಆ ಗುಬ್ಬಿ ಹಿಮ್ಮುಖ ತಿರುಗಬೇಕು. ತಿರುಗದಿದ್ದರೆ ಇಡೀ ರೋಲು ಖಾಲಿ ಬರುತ್ತದೆ. ಎರಡು ಖಾಲಿ ಶಾಟ್ ಹೊಡೆದು ಎಣಿಕೆಯನ್ನು ಕೈಯಿಂದಲೇ ಸೊನ್ನೆಗೆ ತನ್ನಿ.

ಬೆಂಗಳೂರಲ್ಲಿ ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲಲ್ಲಿ ನಿಂತು ಇದನ್ನೆಲ್ಲ ಮಾಡಲಾಗದು, ತಟ್ಟೆ ಇಡಲೂ ಜಾಗವಿರುವುದಿಲ್ಲ. ಹಿಂದಿನ ರಾತ್ರಿಯೇ ಎರಡು ಮೂರು ರೋಲು ಕತ್ತರಿಸಿ ಡಬ್ಬಿಯಲ್ಲಿಡಿ. ಕಬ್ಬನ್ ಪಾರ್ಕಿನಲ್ಲಾದರೆ ಬಿದಿರು ಮೆಳೆಯ ನೆರಳಿಗೆ ಹೋಗಿ ಹಾಕಿ. ಮಳೆಗಾಲದಲ್ಲಿ ಕೈ ಒರೆಸಿಕೊಂಡೇ ಮುಟ್ಟಿ.

ಲ್ಯಾಬಿಗೆ ಕೊಡುವಾಗ ನಾಲಿಗೆ ಉದ್ದ ಕತ್ತರಿಸಿದೆ ಎಂದು ಕವರಿನ ಮೇಲೆ ಬರೆಯಿರಿ. ಡೆವಲಪ್ ಮಾಡುವವರು ಅದನ್ನು ಚೌಕವಾಗಿ ಕತ್ತರಿಸಿ ರೀಲಿಗೆ ಹಾಕಬೇಕು.

ಹಳೆಯ ಲೈಕಾದ ಸೋವಿಯತ್ ನಕಲಾದ ಜೋರ್ಕಿ-1 ಕ್ಯಾಮೆರಾ ಕೊಳ್ಳುವವರಿಗೂ ಇದೇ ಕ್ರಮ. ಕತ್ತರಿಯ ಸಹವಾಸವೇ ಬೇಡ ಎನ್ನುವವರು ಹಿಂಬದಿ ಪೂರ್ತಿ ಕಳಚಿ ಬರುವ ಸೋವಿಯತ್ ಕ್ಯಾಮೆರಾ ಫೆಡ್-2 ನೋಡಬಹುದು. ಕೈಯಲ್ಲಿ ಹಣವಿದ್ದರೆ 1954ರ ಲೈಕಾ ಎಂ3 ಇದೆ. ಅದರ ತಳ ತೆಗೆದರೂ, ಹಿಂದೆ ತೆರೆಯುವ ರೆಕ್ಕೆಯಿಂದಾಗಿ ಫಿಲ್ಮ್ ಸರಿಯಾಗಿ ಕೂತಿದೆಯೇ ಎಂದು ಕಣ್ಣಾರೆ ನೋಡಬಹುದು.