ಬೆಂಗಳೂರಲ್ಲಿ ವಾಲಂಟಿಯರ್ ಆಗ್ಬೇಕಾ? ಬೀದಿಯೋ, ಮೈಕೋ, ಪರೀಕ್ಷೆಯೋ ನೋಡಿ

ರಜೆ ದಿನ ಬೆಳಿಗ್ಗೆ ಸ್ವಲ್ಪ ಹೊತ್ತು ಬಿಡುವಿದೆ, ಜಾಸ್ತಿ ತಲೆನೋವು ಬೇಡ ಅನ್ನುವವರಿಗೆ 2010ರಲ್ಲಿ ಶುರುವಾದ 'ದಿ ಅಗ್ಲಿ ಇಂಡಿಯನ್' ಅನ್ನುವ ಬೀದಿ ಸ್ವಚ್ಛ ಮಾಡುವ ತಂಡ ಸರಿ. ಭಾಷಣ ಇಲ್ಲ, ಹೆಸರು ಹೇಳಿಕೊಳ್ಳುವುದೂ ಇಲ್ಲ. ಕಸದ ಮೂಲೆ ಗುಡಿಸಿ, ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣಿನ ಬಣ್ಣ ಬಳಿಯುತ್ತಾರೆ. ಎಲೆ ಅಡಿಕೆ ಉಗಿದರೂ ಎದ್ದು ಕಾಣದಿರಲಿ ಅಂತ ಆ ಬಣ್ಣ! ಆದರೆ ಬಗ್ಗಿ ಏಳುವ ಕೆಲಸ, ನಮ್ಮ ಫುಟ್‌ಪಾತ್‌ಗಳ ಕತೆ ಗೊತ್ತಲ್ವಾ, ವೀಲ್‌ಚೇರ್‌ನಲ್ಲಿ ಬರುವವರಿಗೆ ಸುಲಭವಲ್ಲ.

'ಮಿತ್ರ ಜ್ಯೋತಿ' ಬೇರೆ ಥರ. 1990ರಲ್ಲಿ ಈ ಸಂಸ್ಥೆಯನ್ನು ಕಟ್ಟಿದ ಮಧು ಸಿಂಘಾಲ್ ಅವರಿಗೇ ಕಣ್ಣು ಕಾಣುವುದಿಲ್ಲ. ದೃಷ್ಟಿ ಇಲ್ಲದವರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡುವ ಕೆಲಸ ಇಲ್ಲಿದೆ. ಕೂತು ಮಾಡುವಂಥದ್ದು, ಹಾಗಾಗಿ ಮಂಡಿನೋವಿನ ಹಿರಿಯರಿಗೂ ಒಗ್ಗುತ್ತದೆ, ಕನ್ನಡ ಸ್ಪಷ್ಟವಾಗಿ ಓದಲು ಬಂದರೆ ಇನ್ನೂ ಒಳ್ಳೆಯದು.

ಮೂರನೆಯದು ದೃಷ್ಟಿ ಇಲ್ಲದ ವಿದ್ಯಾರ್ಥಿಗಳ ಪರವಾಗಿ ಪರೀಕ್ಷೆ ಬರೆಯುವುದು. ನನ್ನ ಪ್ರಕಾರ ಕಷ್ಟದ್ದು ಇದೇ. ಅವರು ಹೇಳಿದ್ದನ್ನಷ್ಟೇ ಬರೆಯಬೇಕು, ಉತ್ತರ ತಪ್ಪು ಅಂತ ಗೊತ್ತಾದರೂ ಬಾಯಿ ಬಿಡುವಂತಿಲ್ಲ. ಎಷ್ಟೋ ಪರೀಕ್ಷೆಗಳಲ್ಲಿ ಬರೆಯುವವರ ಓದು ಇಷ್ಟಕ್ಕಿಂತ ಹೆಚ್ಚಿರಬಾರದು ಅನ್ನುವ ನಿಯಮವೂ ಇದೆ, ಮೊದಲೇ ಕೇಳಿಕೊಳ್ಳಿ. ವಾರದ ನಡುವೆ ರಜೆ ಸಿಗದವರು ಸುಮ್ನೆ ಒಪ್ಪಿಕೊಳ್ಳಬೇಡಿ. ಕೊನೇ ಗಳಿಗೆಯಲ್ಲಿ ನೀವು ಕೈಕೊಟ್ಟರೆ ಆ ಹುಡುಗ ಪರೀಕ್ಷೆಯನ್ನೇ ಕಳೆದುಕೊಳ್ಳಬಹುದು.