ಇಸಿಯು ವೈರಿಂಗ್ ನೋಡಲು ಬ್ಯಾಕ್ ಪ್ರೋಬ್ ಪಿನ್ ಸೆಟ್: ಬಹಳ ಕಾಲ ಬಳಸಿದ ಮೇಲೆ

ಕಾರಿನ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ವೈರಿಂಗ್ ಮುಟ್ಟುವವರ ಹತ್ರ ಮಲ್ಟಿಮೀಟರ್ ಜೊತೆಗೆ ಈ ಬ್ಯಾಕ್ ಪ್ರೋಬ್ ಪಿನ್ ಸೆಟ್ಟೂ ಇರಲೇಬೇಕು. ಸೂಜಿಯಂಥ ತೆಳ್ಳಗಿನ ಪಿನ್‌ಗಳು, ಹಿಂದೆ ಮೀಟರ್ ವೈರ್ ಸಿಕ್ಕಿಸಲು ಜಾಗ, ಅಷ್ಟೇ. ಕಪ್ಲರ್ (ವೈರ್‌ಗಳನ್ನು ಸೇರಿಸುವ ಪ್ಲಾಸ್ಟಿಕ್ ಕನೆಕ್ಟರ್) ಬಿಚ್ಚುವುದೇ ಬೇಡ. ವೈರ್ ಒಳಗೆ ಹೋಗುವ ಕಡೆಯಿಂದ ರಬ್ಬರ್ ಸೀಲ್ ಪಕ್ಕದಲ್ಲಿ ಮೆಲ್ಲಗೆ ತೂರಿಸಿದರೆ ಒಳಗಿನ ಲೋಹದ ಟರ್ಮಿನಲ್‌ಗೆ ತಾಗುತ್ತದೆ. ಎಂಜಿನ್ ಓಡುತ್ತಿರುವಾಗಲೇ ವೋಲ್ಟೇಜ್ ಗೊತ್ತಾಗುತ್ತದೆ.

ಕೆಲವರು ವೈರ್ ಚುಚ್ಚಿ ನೋಡುತ್ತಾರೆ. ನಮ್ಮ ಕರಾವಳಿ ಮಳೆಗೆ ಅದು ಆಗಿಬರುವುದಿಲ್ಲ. ಆ ಸಣ್ಣ ತೂತಿನಲ್ಲಿ ನೀರು ಇಳಿದು ತಾಮ್ರ ಹಸಿರುಗಟ್ಟುತ್ತದೆ. ಬಲ್ಬ್ ಇರುವ ಟೆಸ್ಟ್ ಲ್ಯಾಂಪನ್ನಂತೂ ಸೆನ್ಸರ್ ಲೈನಿಗೆ ಹಚ್ಚಲೇಬೇಡಿ, ಅದು ಎಳೆಯುವ ಕರೆಂಟ್ ಜಾಸ್ತಿ.

ಈಚೆಗೆ ಒಂದು ಪೆಟ್ರೋಲ್ ಕಾರು ಬಂದಿತ್ತು. ಪಿಕಪ್ ಇಲ್ಲ, ಸ್ಕ್ಯಾನರ್‌ನಲ್ಲಿ ಥ್ರಾಟಲ್ ಮತ್ತು ಮ್ಯಾಪ್ (ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ) ಸೆನ್ಸರ್ ಎರಡರ ದೋಷದ ಕೋಡೂ ಇವೆ. ಇಸಿಯು ಹೋಗಿದೆ ಅಂತ ಬೇರೆ ಕಡೆ ಹೇಳಿದ್ದರಂತೆ. ಇಂಥ ಸೆನ್ಸರ್‌ಗೆ ಮುಖ್ಯವಾಗಿ ಮೂರು ವೈರ್: 5 ವೋಲ್ಟ್, ಗ್ರೌಂಡ್, ಸಿಗ್ನಲ್. ಆ 5 ವೋಲ್ಟ್ ಕೊಡುವುದು ಇಸಿಯು. ಎಷ್ಟೋ ಕಾರುಗಳಲ್ಲಿ ಒಂದೇ ಲೈನ್ ಹಲವು ಸೆನ್ಸರ್‌ಗಳಿಗೆ ಹೋಗುತ್ತದೆ. ಇಸಿಯು ಕಪ್ಲರ್‌ನಲ್ಲೇ ಪಿನ್ ತೂರಿಸಿ ನೋಡಿದರೆ ಅರ್ಧ ವೋಲ್ಟೂ ಇಲ್ಲ. ಪಿನ್ ಅಲ್ಲೇ ಬಿಟ್ಟು ಸೆನ್ಸರ್‌ಗಳ ಕಪ್ಲರ್ ಒಂದೊಂದಾಗಿ ತೆಗೆಯುತ್ತಾ ಹೋದೆ. ಎಸಿ ಪ್ರೆಶರ್ ಸೆನ್ಸರ್‌ದು ತೆಗೆದ ಕೂಡಲೇ ಮೀಟರ್ 5ಕ್ಕೆ ಏರಿತು. ಶಾರ್ಟ್ ಆಗಿದ್ದದ್ದು ಆ ಸೆನ್ಸರ್ ಒಳಗೆ! ಇಸಿಯು ಗಟ್ಟಿಯಾಗೇ ಇತ್ತು. ಅದನ್ನು ಬದಲಾಯಿಸಿದ್ದರೆ ಪಾಪ, ಗಾಡಿಯವರಿಗೆ ಎಷ್ಟು ದುಡ್ಡು ಸುಮ್ನೆ ಹೋಗುತ್ತಿತ್ತು ಅಲ್ವಾ?

ಗ್ರೌಂಡ್ ನೋಡಲೂ ಇದೇ ಸರಿ. ಮೀಟರ್‌ನ ಒಂದು ತುದಿ ಇಸಿಯು ಗ್ರೌಂಡ್ ಪಿನ್‌ಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ. ಎಂಜಿನ್ ಓಡುವಾಗ 0.1 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಗ್ರೌಂಡ್ ಬೋಲ್ಟ್ ಬಿಚ್ಚಿ ಉಜ್ಜಿ. ಬರೀ ಓಮ್ಸ್ (ವೈರಿನ ರೆಸಿಸ್ಟೆನ್ಸ್) ನೋಡಿದರೆ ಒಂದೇ ಎಳೆ ಉಳಿದ ವೈರೂ ಚೆನ್ನಾಗಿದೆ ಅಂತಲೇ ತೋರಿಸುತ್ತದೆ.

ಡಯಾಗ್ರಾಂ ಕೈಯಲ್ಲಿರಲಿ. ಅದರಲ್ಲಿ ಕಪ್ಲರನ್ನು ಯಾವ ಕಡೆಯಿಂದ ತೋರಿಸಿದ್ದಾರೆ ಅಂತ ಮೊದಲು ನೋಡಿ. ಮುಂದಿನಿಂದ ನೋಡಿದ ಚಿತ್ರವಾದರೆ, ನಾವು ಪಿನ್ ತೂರಿಸುವ ಹಿಂಬದಿಯಲ್ಲಿ ಎಡ ಬಲ ತಿರುಗಿರುತ್ತದೆ.

ಸೆಟ್‌ನಲ್ಲಿ ಕೊರತೆಗಳೂ ಇವೆ. ತೀರಾ ತೆಳ್ಳಗಿನ ಪಿನ್ ಬೇಗ ಬಾಗುತ್ತದೆ. ಆದರೆ ಇಸಿಯುಗೆ ಬೇಕಾಗುವುದು ಅದೇ. ದಪ್ಪ ಪಿನ್ ತುರುಕಿದರೆ ಸೀಲ್ ಅಗಲವಾಗಿ ಆಮೇಲೆ ನೀರು ಸೇರುತ್ತದೆ. ಪಿನ್ ಮೇಲಿನ ಪ್ಲಾಸ್ಟಿಕ್ ಕವರ್ ಗಿಡ್ಡ. ಪಕ್ಕಪಕ್ಕದ ಎರಡು ಪಿನ್ ತಾಗಿ 12 ವೋಲ್ಟ್ ಸೆನ್ಸರ್ ಲೈನಿಗೆ ಹೋದರೆ ಇಸಿಯುವೇ ಸುಡಬಹುದು. ನಾನು ತುದಿ ಮಾತ್ರ ಬಿಟ್ಟು ಉಳಿದದ್ದಕ್ಕೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಹಾಕಿಕೊಂಡಿದ್ದೇನೆ. ಕೊಳ್ಳುವಾಗ ತೆಳ್ಳಗಿನ ಪಿನ್ ಬಿಡಿಯಾಗಿಯೂ ಸಿಗುವ ಸೆಟ್ ಇದ್ದರೆ ಅದನ್ನೇ ತಗೊಳ್ಳಿ.