ಪಂಪ್ ಅಂಗಡಿಗೆ ಗೂಗಲ್ ಜಾಹೀರಾತು: ಏಜೆನ್ಸಿ, ಲೀಡ್ ಕಂಪನಿ, ಊರಿನ ಹುಡುಗ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದು ಸಬ್‌ಮರ್ಸಿಬಲ್ ಪಂಪ್ ಮಾರಾಟ, ರಿಪೇರಿ, ಮೋಟರ್ ವೈಂಡಿಂಗ್ ಅಂಗಡಿ. "ಗೂಗಲ್‌ನಲ್ಲಿ ನಿಮ್ಮನ್ನ ಮೇಲೆ ತರ್ತೀವಿ ಸರ್" ಅಂತ ಯಾರಾದರೂ ಫೋನ್ ಮಾಡುತ್ತಲೇ ಇರುತ್ತಾರೆ. ಅಂಥ ಆಫರ್‌ಗಳಲ್ಲಿ ಮೂರು ಬಗೆಯವನ್ನು ದುಡ್ಡು ಕೊಟ್ಟೇ ನೋಡಿದ್ದೇನೆ. ನನ್ನ ಲೆಕ್ಕ ಒಂದೇ: "ಅಣ್ಣಾರ, ಮೋಟರ್ ಸುಟ್ಟದ, ಇವತ್ತ ಬರ್ತೀರೇನ್ರಿ?" ಅನ್ನುವ ಕರೆ ಬಂತಾ, ಇಲ್ವಾ?

ಬೆಂಗಳೂರಿನ ಏಜೆನ್ಸಿ ತಿಂಗಳಿಗೆ 15 ಸಾವಿರ ಹೇಳಿತು, ಜಿಎಸ್‌ಟಿ ಬೇರೆ. ಮೊದಲ ಪುಟ ಗ್ಯಾರಂಟಿಯಂತೆ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್ ತಾನೇ ಬರೆದಿಟ್ಟಿದೆ. ಆದರೂ ಇವರು ಮಾತು ಉಳಿಸಿಕೊಂಡರು! ಮೊದಲ ಪುಟದಲ್ಲಿ ಬಂದೆವು, ಆದರೆ 'ಬೆಸ್ಟ್ ಸಬ್‌ಮರ್ಸಿಬಲ್ ಪಂಪ್ ವೈಂಡಿಂಗ್ ಸರ್ವಿಸ್ ಗೋಕುಲ ರೋಡ್ ಹುಬ್ಬಳ್ಳಿ' ಅಂತ ಹುಡುಕಿದರೆ ಮಾತ್ರ. ಬಾವಿಯಲ್ಲಿ ನೀರಿಲ್ಲದೆ ತಲೆ ಕೆಟ್ಟವರು ಅಷ್ಟುದ್ದ ಟೈಪ್ ಮಾಡ್ತಾರಾ? ಕೊಟ್ಟ ದುಡ್ಡಿನಲ್ಲಿ ಗೂಗಲ್‌ಗೆ ಎಷ್ಟು ಹೋಯಿತು, ಇವರಿಗೆ ಎಷ್ಟು ಉಳಿಯಿತು ಅಂತ ಕೇಳಿದರೆ ಬಣ್ಣಬಣ್ಣದ ಗ್ರಾಫ್ ಕಳಿಸುತ್ತಿದ್ದರು. ಜಾಹೀರಾತಿನ ಗೂಗಲ್ ಅಕೌಂಟ್ ಅವರ ಹೆಸರಿನಲ್ಲೇ ಇತ್ತು. ಅವರನ್ನು ಬಿಟ್ಟ ದಿನ ಯಾವ ಕೀವರ್ಡ್ (ಜಾಹೀರಾತು ತೋರಿಸಲು ಆರಿಸಿದ ಹುಡುಕಾಟದ ಪದ) ಕೆಲಸ ಮಾಡಿತ್ತು ಅನ್ನುವ ಮಾಹಿತಿಯೂ ಅವರ ಜೊತೆಗೇ ಹೋಯಿತು. ಒಂದು ಮಾತು ಹೇಳಲೇಬೇಕು: ಅವರಿಗೆ ಸಿಕ್ಕಿದ್ದು ಮಳೆಗಾಲ. ಆಗ ನಮ್ಮ ವ್ಯಾಪಾರ ಹೇಗೂ ತಣ್ಣಗಿರುತ್ತದೆ.

ಲೀಡ್ ಕಂಪನಿ ಅಂದರೆ ವಿಚಾರಿಸುವ ಗಿರಾಕಿಗಳ ನಂಬರ್ ಅಂಗಡಿಗಳಿಗೆ ಮಾರುವವರು. ಅವರದು ವರ್ಷದ ಹಣ ಮುಂಗಡ. ಕರೆಗಳು ನಿಜವಾಗಿಯೂ ಬಂದವು, ಗದಗ, ಹಾವೇರಿ ಕಡೆಯಿಂದಲೂ. ತೊಂದರೆ ಏನಂದರೆ, ಒಂದೇ ಗಿರಾಕಿಯ ನಂಬರ್ ನಾಲ್ಕೈದು ಅಂಗಡಿಗೆ ಹೋಗಿರುತ್ತದೆ. ನಾವು ಫೋನ್ ಮಾಡುವಷ್ಟರಲ್ಲಿ ಅವರ ಕೈಯಲ್ಲಿ ಬೇರೆಯವರ ರೇಟ್ ಇರುತ್ತದೆ. ಹೊಸ ಅಂಗಡಿಯವರಿಗೆ ಒಂದು ವರ್ಷಕ್ಕೆ ಅಡ್ಡಿಯಿಲ್ಲ. ನಾನು ಮುಂದುವರಿಸಲಿಲ್ಲ.

ಮೂರನೆಯವನು ವಿದ್ಯಾನಗರದ ಒಬ್ಬ ಹುಡುಗ. ಮೊದಲ ದಿನವೇ ನನ್ನ ಮೇಲ್ ಐಡಿಯಲ್ಲಿ, ನನ್ನ ಕಾರ್ಡ್ ಹಾಕಿ ಅಕೌಂಟ್ ತೆರೆಸಿದ. ತಾನು ಮ್ಯಾನೇಜರ್ ಆಗಿ ಒಳಗೆ ಬಂದ. ಅವನ ಫೀಸ್ 4 ಸಾವಿರ, ಕ್ಲಿಕ್‌ಗಳ ದುಡ್ಡು ನೇರ ಗೂಗಲ್‌ಗೆ. ಬಿಲ್ ನನ್ನ ಜಿಎಸ್‌ಟಿ ನಂಬರಿಗೆ ಬರುವುದರಿಂದ ಅದರ ಮೇಲಿನ 18% ತೆರಿಗೆಯನ್ನು ನಾನು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮಿನವರಿಗೆ ಈ ಅನುಕೂಲ ಇಲ್ಲ.

ಜನ ಏನು ಹುಡುಕಿದಾಗ ನಮ್ಮ ಜಾಹೀರಾತು ಒತ್ತಿದರು ಅನ್ನುವ ಪಟ್ಟಿ ಅಕೌಂಟಿನಲ್ಲೇ ಸಿಗುತ್ತದೆ. ಅದನ್ನು ಕೂತು ಓದಿದಾಗ ನಗು ಬಂತು. ಪೆಟ್ರೋಲ್ ಪಂಪ್ ಹುಡುಕಿದವರು, ಪಂಪ್ ಆಪರೇಟರ್ ನೌಕರಿ ಹುಡುಕಿದವರು, ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪ್ ಬೇಕಾದವರು! ಎಲ್ಲರ ಕ್ಲಿಕ್ಕಿಗೂ ದುಡ್ಡು ನನ್ನದೇ. ಆ ಪದಗಳನ್ನೆಲ್ಲ ನೆಗೆಟಿವ್ ಕೀವರ್ಡ್ ಮಾಡಿದೆವು, ಅಂದರೆ ಅವನ್ನು ಹುಡುಕಿದವರಿಗೆ ನಮ್ಮ ಜಾಹೀರಾತು ಕಾಣದ ಹಾಗೆ. ಜಾಗದ ಸೆಟ್ಟಿಂಗ್‌ನಲ್ಲಿ ಊರಿನ ಬಗ್ಗೆ ಆಸಕ್ತಿ ತೋರಿಸುವ ಹೊರಗಿನವರೂ ತಾನಾಗಿ ಸೇರಿರುತ್ತಾರೆ. ಅದನ್ನು ತೆಗೆದು ಇಲ್ಲೇ ಇರುವವರಿಗೆ ಮಾತ್ರ ಇಟ್ಟೆವು. ಊರಿನ ಹೆಸರು ಸರ್ಕಾರಿ ಕಾಗದದಲ್ಲಿ 2014ರಲ್ಲೇ ಬದಲಾದರೂ ಎಷ್ಟೋ ಜನ ಇಂಗ್ಲಿಷಿನಲ್ಲಿ ಇನ್ನೂ ಹುಬ್ಳಿ ಅಂತಲೇ ಟೈಪ್ ಮಾಡುತ್ತಾರೆ, ಹಾಗಾಗಿ ಕೀವರ್ಡ್ ಪಟ್ಟಿಯಲ್ಲಿ ಎರಡೂ ಹೆಸರು ಇರಬೇಕು. ದಿನದ ಬಜೆಟ್ 300 ಇಟ್ಟರೆ ಒಂದೊಂದು ದಿನ 600ರವರೆಗೂ ಹೋಗುತ್ತದೆ. ಗಾಬರಿ ಬೇಡ, ತಿಂಗಳಿಗೆ ಅದರ 30.4 ಪಟ್ಟು, ಅಂದರೆ 9,120 ದಾಟುವುದಿಲ್ಲ.

ಇಷ್ಟಾದ ಮೇಲೆ ಕರೆಗಳ ಸಂಖ್ಯೆ ಏಜೆನ್ಸಿಯ ಕಾಲಕ್ಕಿಂತ ಹೇಳುವಷ್ಟೇನೂ ಜಾಸ್ತಿ ಆಗಲಿಲ್ಲ. ಆದರೆ ಬಂದವು ಮೋಟರ್ ಸುಟ್ಟವರ ಕರೆಗಳು. ನನಗೆ ಬೇಕಾದದ್ದೂ ಅದೇ ಅಲ್ವಾ?

ಇವರ್ಯಾರೂ ಜೋರಾಗಿ ಹೇಳದ ವಿಷಯ ಇನ್ನೊಂದಿದೆ. ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಹುಡುಕಾಟದಲ್ಲಿ, ಮ್ಯಾಪಿನಲ್ಲಿ ಕಾಣುವ ಅಂಗಡಿಯ ವಿವರ, ಸುಮ್ನೆ ಸಿಗುತ್ತದೆ, ಪೈಸೆ ಖರ್ಚಿಲ್ಲ. ಫೋಟೋ, ಅಂಗಡಿ ತೆರೆಯುವ ವೇಳೆ ಸರಿಯಾಗಿ ಹಾಕಿ, ಕೆಲಸ ಮುಗಿದ ಗಿರಾಕಿಗೆ "ನಾಲ್ಕು ಮಾತು ಬರೀರಿ" ಅಂದೆ. ದುಡ್ಡು ಕೊಟ್ಟು ರಿವ್ಯೂ ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ, ಆ ಆಫರ್ ಕೂಡ ಬಂದಿತ್ತು. ಗೋಕುಲ ರಸ್ತೆ, ವಿದ್ಯಾನಗರ, ಉಣಕಲ್ ಕಡೆಯ ಕರೆಗಳು ಈಗ ಹೆಚ್ಚಾಗಿ ಇದರಿಂದಲೇ ಬರುತ್ತವೆ. ಆದರೆ ಮ್ಯಾಪಿನ ಪಟ್ಟಿಯಲ್ಲಿ ದೂರವೂ ಲೆಕ್ಕಕ್ಕೆ ಬರುತ್ತದೆ. ಧಾರವಾಡದ ಸಪ್ತಾಪುರದಲ್ಲಿ ಕೂತು ಹುಡುಕುವವರಿಗೆ ಧಾರವಾಡದ ಅಂಗಡಿಗಳೇ ಮೊದಲು ಕಾಣುತ್ತವೆ. ಅಲ್ಲಿ ಕಾಣಿಸಿಕೊಳ್ಳಬೇಕಾದರೆ ಜಾಹೀರಾತೇ ಬೇಕು.

ಹಾಗಾಗಿ ಈಗ ಹುಬ್ಬಳ್ಳಿಗೆ ಪ್ರೊಫೈಲ್, ಧಾರವಾಡ ಮತ್ತು ಸುತ್ತಲಿನ ಹಳ್ಳಿಗಳಿಗೆ ಆ ಹುಡುಗನ ಜಾಹೀರಾತು. ಅದೂ ಫೆಬ್ರವರಿಯಿಂದ ಮೇ ತನಕ ಮಾತ್ರ. ಬೋರ್ ನೀರು ಕೆಳಗಿಳಿದು ಮೋಟರ್ ಒಣಗಿ ಓಡುವುದು, ವೋಲ್ಟೇಜ್ ಏರಿಳಿದು ವೈಂಡಿಂಗ್ ಸುಡುವುದು ಆಗಲೇ ಜಾಸ್ತಿ. ಜೂನ್ ಬಂದರೆ ಜಾಹೀರಾತು ಬಂದ್, ಹುಡುಗನ ಫೀಸೂ ಬಂದ್. ಅವನೇ ಒಪ್ಪಿದ ಕರಾರು ಇದು.